ಕಾರು, ಕಾರ್ಖಾನೆ ಇಲ್ಲದ ಕಾಲದಲ್ಲೂ ಹವಾಮಾನ ಬದಲಾಗಿತ್ತಲ್ವಾ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹವಾಮಾನ ಬದಲಾವಣೆಯ ಪಾಠ ನಡೆಯುವಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. "ಸರ, ಹಿಮಯುಗ ಬಂದಾಗ ಕಾರೂ ಇರ್ಲಿಲ್ಲ, ಕಾರ್ಖಾನೀನೂ ಇರ್ಲಿಲ್ಲ. ಮತ್ತ ಈಗ ಬಿಸಿ ಆಗಾಕ ಮನುಷ್ಯಾರ ಕಾರಣ ಅಂತ ಹ್ಯಾಂಗ ಹೇಳ್ತೀರಿ?" ಎಂದು ಕೇಳಿದ. ನನಗೆ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಹವಾಮಾನ ತಾನಾಗಿ ಬದಲಾಗಲು ಏನೇನು ಕಾರಣಗಳಿವೆ? ಯಾವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ? ಮತ್ತೆ ಹಿಮಯುಗ ಬಂದರೆ ಈ ಬಿಸಿ ತಾನೇ ಇಳಿಯುತ್ತದೆಯೇ?

ಉತ್ತರ: ಮೇಷ್ಟ್ರೇ, ಆ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಮನುಷ್ಯ ಹುಟ್ಟುವ ಮೊದಲೂ ಹವಾಮಾನ ಬದಲಾಗಿದೆ. ಎಷ್ಟೋ ಸಲ ಈಗ ನಾವು ಕಂಡಿರುವುದಕ್ಕಿಂತ ಬಹಳ ಜಾಸ್ತಿ ಬದಲಾಗಿದೆ. ಇದನ್ನು ಯಾವ ಹವಾಮಾನ ವಿಜ್ಞಾನಿಯೂ ಅಲ್ಲಗಳೆಯುವುದಿಲ್ಲ. ಹಳೆಯ ಬದಲಾವಣೆಗಳನ್ನು ಕಂಡುಹಿಡಿದದ್ದೇ ಆ ಜನ.

ಅವರು ಪ್ರತಿ ಕಾರಣಕ್ಕೂ ಎರಡು ಪ್ರಶ್ನೆ ಹಾಕುತ್ತಾರೆ. ಇದು ಕೆಲಸ ಮಾಡಲು ಎಷ್ಟು ಕಾಲ ಬೇಕು? ಸದ್ಯಕ್ಕೆ ಇದು ಭೂಮಿಯನ್ನು ಯಾವ ಕಡೆ ತಳ್ಳುತ್ತಿದೆ, ಬಿಸಿಯ ಕಡೆಗೋ ತಂಪಿನ ಕಡೆಗೋ? ಈ ಎರಡು ಪ್ರಶ್ನೆಗಳನ್ನು ಹುಡುಗರ ಕೈಗೆ ಕೊಡಿ. ಉಳಿದದ್ದನ್ನು ಬಹಳ ಮಟ್ಟಿಗೆ ಅವರೇ ಬಿಡಿಸುತ್ತಾರೆ.

ತೀರ ನಿಧಾನದ ಕಾರಣದಿಂದ ಶುರು ಮಾಡೋಣ. ಅದರ ಗುರುತು ನಿಮ್ಮ ಜಿಲ್ಲೆಯ ಎರೆ ಹೊಲಗಳ ಕೆಳಗೇ ಇದೆ. ಆ ಕರಿಕಲ್ಲು ಒಂದು ಕಾಲದ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಉದ್ದುದ್ದ ಬಿರುಕುಗಳಿಂದ ಲಾವಾ ಉಕ್ಕಿ ಹರಿಯಿತು. ಒಂದು ಪದರ ಆರಿದ ಮೇಲೆ ಅದರ ಮೇಲೆ ಇನ್ನೊಂದು, ಮತ್ತೊಂದು. ಬಹುಪಾಲು ಲಾವಾ ಹೊರಬಂದದ್ದು ಹತ್ತು ಲಕ್ಷ ವರ್ಷಗಳೊಳಗೆ. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ಮಹಾರಾಷ್ಟ್ರದ ಹೆಚ್ಚಿನ ಭಾಗ ಅದರ ಮೇಲೆಯೇ ಕೂತಿದೆ. ನಮ್ಮಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಅದರ ದಕ್ಷಿಣದ ಅಂಚು.

ಅಷ್ಟು ಲಾವಾದ ಜೊತೆ ಅನಿಲವೂ ಬಂತು. ಅದರಲ್ಲಿದ್ದ ಗಂಧಕದ ಡೈಆಕ್ಸೈಡ್ ಭೂಮಿಯನ್ನು ಒಂದಷ್ಟು ವರ್ಷ ತಂಪು ಮಾಡಿ ಇಳಿದುಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ, ಸಾವಿರಾರು ವರ್ಷ ಗಾಳಿಯಲ್ಲೇ ಉಳಿದು ಬಿಸಿ ಹೆಚ್ಚಿಸುತ್ತದೆ. ಡೈನೋಸಾರ್‌ಗಳ ಕಾಲ ಮುಗಿದದ್ದೂ ಆಗಲೇ. ಅದೇ ಹೊತ್ತಿಗೆ ಮೆಕ್ಸಿಕೋದ ಚಿಕ್ಸುಲುಬ್ ಬಳಿ ದೊಡ್ಡ ಆಕಾಶದ ಬಂಡೆಯೊಂದು ಬಿತ್ತು. ಹೆಚ್ಚಿನವರು ಆ ಬಂಡೆಗೇ ಮುಖ್ಯ ಪಾಲು ಕೊಡುತ್ತಾರೆ, ಲಾವಾದ ಪಾಲು ಎಷ್ಟು ಎಂಬ ವಾದ ಇನ್ನೂ ನಡೆದಿದೆ. ಸೈಬೀರಿಯಾದಲ್ಲಿ ಸುಮಾರು 25.2 ಕೋಟಿ ವರ್ಷಗಳ ಹಿಂದೆ ಇಂಥದೇ ಲಾವಾ ಇನ್ನೂ ದೊಡ್ಡ ಪ್ರಮಾಣದಲ್ಲಿ ಉಕ್ಕಿತು. ಆಗ ಸಮುದ್ರದ ಜೀವಿಗಳಲ್ಲಿ ಹೆಚ್ಚಿನವು ಅಳಿದವು. ಭೂಮಿಯ ಇತಿಹಾಸದಲ್ಲಿ ಅಷ್ಟು ದೊಡ್ಡ ಸಾವು ಇನ್ನೊಂದಿಲ್ಲ.

ಲಾವಾ ಆರಿ ಕಲ್ಲಾದ ಮೇಲೆ ಇನ್ನೊಂದು ಕೆಲಸ ಶುರುವಾಯಿತು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಚೆಂದ ಅನಿಸುವುದು ಇದೇ. ಮಳೆ ನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ. ಆ ನೀರು ಕರಿಕಲ್ಲನ್ನು ನಿಧಾನವಾಗಿ ತಿನ್ನುತ್ತದೆ. ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ನೀರಿಗೆ ಬರುತ್ತವೆ. ಕೃಷ್ಣೆ, ಭೀಮೆ ಅವನ್ನು ಸಮುದ್ರಕ್ಕೆ ಒಯ್ಯುತ್ತವೆ. ಅಲ್ಲಿ ಚಿಪ್ಪಿನ ಜೀವಿಗಳು ಆ ಕ್ಯಾಲ್ಸಿಯಂ ಮತ್ತು ನೀರಿನಲ್ಲಿ ಕರಗಿದ ಇಂಗಾಲದಿಂದ ಚಿಪ್ಪು ಕಟ್ಟಿಕೊಳ್ಳುತ್ತವೆ, ಸತ್ತ ಮೇಲೆ ತಳ ಸೇರಿ ಸುಣ್ಣದ ಕಲ್ಲಾಗುತ್ತವೆ. ಹೀಗೆ ಗಾಳಿಯಲ್ಲಿದ್ದ ಇಂಗಾಲ ಕಲ್ಲಿನೊಳಗೆ ಸೇರಿತು. ಬಿಸಿ ಹೆಚ್ಚಿದರೆ ಮಳೆಯೂ ಹೆಚ್ಚು, ಕಲ್ಲು ಕರಗುವುದೂ ಹೆಚ್ಚು, ಗಾಳಿಯಿಂದ ಇಂಗಾಲ ಇಳಿಯುವುದೂ ಹೆಚ್ಚು. ತಂಪಾದರೆ ಇದೆಲ್ಲ ನಿಧಾನವಾಗುತ್ತದೆ. ಕೋಟ್ಯಂತರ ವರ್ಷ ಭೂಮಿ ಪೂರ್ತಿ ಬೆಂದೂ ಹೋಗದೆ, ಬಹುಕಾಲ ಹೆಪ್ಪುಗಟ್ಟಿಯೂ ಉಳಿಯದೆ ಇರಲು ಇದು ದೊಡ್ಡ ಕಾರಣ.

ಇದನ್ನು ತರಗತಿಯಲ್ಲಿ ತೋರಿಸಲು ಸಾಧ್ಯ. ಎರೆ ಹೊಲದಲ್ಲಿ ಬಿಳಿ ಸುಣ್ಣದ ಗಂಟುಗಳು ಸಿಗುತ್ತವಲ್ಲ, ಒಂದನ್ನು ತರಿಸಿ. ಪ್ರಯೋಗಾಲಯದ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ನಾಲ್ಕು ಹನಿ ಅದರ ಮೇಲೆ ಬಿಡಿ. ಬುಸಬುಸನೆ ನೊರೆ ಏಳುತ್ತದೆ. ಆ ಗುಳ್ಳೆಗಳಲ್ಲಿ ಇರುವುದು ಇಂಗಾಲದ ಡೈಆಕ್ಸೈಡ್. ಬಹಳ ಹಿಂದೆ ಮಣ್ಣಿನೊಳಗಿನ ಗಾಳಿಯಿಂದ ಆ ಗಂಟಿಗೆ ಸೇರಿದ ಇಂಗಾಲ ಅದು.

ಭೂಖಂಡಗಳು ಸರಿಯುವುದೂ ಇದೇ ನಿಧಾನದ ಗುಂಪಿಗೆ ಸೇರುತ್ತದೆ. ಒಡಿಶಾದ ತಾಲ್ಚೇರ್ ಈಗ ಸುಡು ಬಿಸಿಲಿನ ಊರು. ಅಲ್ಲಿ 1856ರಲ್ಲಿ ಭೂವಿಜ್ಞಾನಿ ವಿಲಿಯಂ ಬ್ಲ್ಯಾನ್‌ಫರ್ಡ್ ಮತ್ತು ಅವರ ಜೊತೆಗಾರರಿಗೆ ನುಣ್ಣನೆಯ ಮಣ್ಣಿನ ಪದರದಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳು ಹುದುಗಿರುವುದು ಕಂಡಿತು. ಹರಿಯುವ ನೀರು ಹೀಗೆ ದಪ್ಪದ್ದನ್ನೂ ಸಣ್ಣದ್ದನ್ನೂ ಕಲಸಿ ಬಿಡುವುದಿಲ್ಲ. ಮಂಜುಗಡ್ಡೆ ಬಿಡುತ್ತದೆ. ಸುಮಾರು 30 ಕೋಟಿ ವರ್ಷಗಳ ಹಿಂದೆ ಅಲ್ಲಿ ಹಿಮನದಿಗಳಿದ್ದವು. ಆಗ ಭಾರತದ ನೆಲ ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾಗಳ ಜೊತೆ ಕೂಡಿಕೊಂಡು ದಕ್ಷಿಣ ಧ್ರುವದ ಹತ್ತಿರ ಇತ್ತು. ಅಲ್ಲಿಂದ ಸರಿಯುತ್ತಾ ಸರಿಯುತ್ತಾ ಇಲ್ಲಿಗೆ ಬಂತು. ಏಷ್ಯಾಕ್ಕೆ ಒತ್ತಿಕೊಂಡು ಹಿಮಾಲಯ ಎದ್ದಿತು. ಹೊಸದಾಗಿ ಎದ್ದ ಆ ಬೆಟ್ಟಗಳನ್ನು ಮಳೆ ತಿಂದದ್ದರಿಂದಲೇ ಗಾಳಿಯ ಇಂಗಾಲ ಕಡಿಮೆಯಾಗಿ ಭೂಮಿ ತಂಪಾಯಿತು ಎಂಬ ವಾದ 30 ವರ್ಷಕ್ಕೂ ಹೆಚ್ಚು ಹಳೆಯದು. ಎಲ್ಲರೂ ಅದನ್ನು ಒಪ್ಪಿಲ್ಲ. ತಂಪಾದದ್ದರಲ್ಲಿ ಮಾತ್ರ ಅನುಮಾನವಿಲ್ಲ. ಸುಮಾರು 5 ಕೋಟಿ ವರ್ಷಗಳ ಹಿಂದೆ ಧ್ರುವಗಳಲ್ಲೂ ಮಂಜಿನ ಹಾಸು ಇರಲಿಲ್ಲ. 3.4 ಕೋಟಿ ವರ್ಷಗಳ ಹಿಂದೆ ಅಂಟಾರ್ಕ್ಟಿಕಾದಲ್ಲಿ ಅದು ದೊಡ್ಡದಾಗಿ ಕಟ್ಟಿಕೊಂಡಿತು.

ಈಗ ಈ ಗುಂಪಿಗೆ ನಮ್ಮ ಎರಡು ಪ್ರಶ್ನೆ ಹಾಕೋಣ. ಕಾಲ ಎಷ್ಟು? ಲಕ್ಷದಿಂದ ಕೋಟಿ ವರ್ಷ. ಭಾರತ ವರ್ಷಕ್ಕೆ ಸರಿಯುವುದು ಸುಮಾರು 5 ಸೆಂಟಿಮೀಟರ್. ಕಳೆದ 150 ವರ್ಷಗಳಲ್ಲಿ ಆದ ಬಿಸಿಗೆ ಇದು ಕಾರಣವಾಗಲು ಸಾಧ್ಯವೇ ಇಲ್ಲ. ಜ್ವಾಲಾಮುಖಿಗಳು ಈಗಲೂ ಇಂಗಾಲದ ಡೈಆಕ್ಸೈಡ್ ಬಿಡುತ್ತವೆಯಲ್ಲ ಎಂದು ಹುಡುಗರು ಕೇಳಬಹುದು. ಬಿಡುತ್ತವೆ. ಜಗತ್ತಿನ ಎಲ್ಲ ಜ್ವಾಲಾಮುಖಿಗಳೂ ಸೇರಿ ವರ್ಷಕ್ಕೆ ಬಿಡುವುದು ಮನುಷ್ಯರು ಬಿಡುವುದರಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸು, ಅದಕ್ಕಿಂತ ಕಡಿಮೆ ಇದ್ದರೂ ಇರಬಹುದು.

ಇನ್ನು ಹಿಮಯುಗಕ್ಕೆ ಬರೋಣ, ಹುಡುಗ ಕೇಳಿದ್ದು ಅದನ್ನೇ. ಹಿಮಯುಗಗಳ ಬರುವಿಕೆ, ಹೋಗುವಿಕೆಗೆ ತಾಳ ಹಾಕುವುದು ಭೂಮಿ ಸೂರ್ಯನ ಸುತ್ತ ತಿರುಗುವ ರೀತಿ. ಇದರಲ್ಲಿ ಮೂರು ಸಂಗತಿಗಳಿವೆ. ಭೂಮಿಯ ದಾರಿ ಒಮ್ಮೆ ಬಹುತೇಕ ದುಂಡಗೆ, ಒಮ್ಮೆ ಸ್ವಲ್ಪ ಮೊಟ್ಟೆಯಾಕಾರ ಆಗುತ್ತದೆ. ಇದಕ್ಕೆ ಸುಮಾರು 1 ಲಕ್ಷ ವರ್ಷ. ಎರಡನೆಯದು ಭೂಮಿಯ ಓರೆ. ಅದು 22.1 ಮತ್ತು 24.5 ಡಿಗ್ರಿಗಳ ನಡುವೆ ಹೆಚ್ಚುಕಡಿಮೆ ಆಗುತ್ತದೆ, ಒಂದು ಸುತ್ತಿಗೆ ಸುಮಾರು 41 ಸಾವಿರ ವರ್ಷ. ಮೂರನೆಯದು, ಬಿಸಾಕಿದ ಬುಗುರಿ ವೇಗ ಕಡಿಮೆಯಾದಾಗ ಅದರ ತಲೆ ಸುತ್ತು ಹಾಕುತ್ತದಲ್ಲ, ಭೂಮಿಯೂ ಹಾಗೆ ಓಲಾಡುತ್ತದೆ. ಇದರಿಂದ ಯಾವ ಋತುವಿನಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತದೆ ಎಂಬುದು ಸುಮಾರು 19ರಿಂದ 23 ಸಾವಿರ ವರ್ಷಗಳಿಗೊಮ್ಮೆ ಸುತ್ತಿ ಬರುತ್ತದೆ. ಈಗ ನಾವು ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ ಅತಿ ದೂರ, 15.2 ಕೋಟಿ ಕಿಲೋಮೀಟರ್.

ಇವುಗಳಿಂದ ಇಡೀ ವರ್ಷಕ್ಕೆ ಭೂಮಿಗೆ ಬೀಳುವ ಬಿಸಿಲಿನ ಮೊತ್ತ ಹೆಚ್ಚೇನೂ ಬದಲಾಗುವುದಿಲ್ಲ. ಆ ಬಿಸಿಲು ಯಾವ ತಿಂಗಳಲ್ಲಿ, ಯಾವ ಭಾಗಕ್ಕೆ ಎಷ್ಟು ಎಂಬ ಹಂಚಿಕೆ ಬದಲಾಗುತ್ತದೆ. ಕೆನಡಾ, ಉತ್ತರ ಯುರೋಪಿನ ಕಡೆ ಬೇಸಿಗೆಯ ಬಿಸಿಲು ಕಡಿಮೆಯಾದರೆ ಚಳಿಗಾಲದಲ್ಲಿ ಬಿದ್ದ ಹಿಮ ಪೂರ್ತಿ ಕರಗುವುದಿಲ್ಲ. ಅದರ ಮೇಲೆ ಮರುವರ್ಷದ ಹಿಮ ಬೀಳುತ್ತದೆ. ಬಿಳಿ ನೆಲ ಬಿಸಿಲನ್ನು ವಾಪಸ್ ಕಳಿಸುತ್ತದೆ, ಇನ್ನಷ್ಟು ತಂಪಾಗುತ್ತದೆ. ಸಾವಿರಾರು ವರ್ಷ ಹೀಗೆ ನಡೆದರೆ 3 ಕಿಲೋಮೀಟರ್ ದಪ್ಪದ ಮಂಜಿನ ಹಾಸು ಕಟ್ಟುತ್ತದೆ.

ಈ ದಿಕ್ಕಿನಲ್ಲಿ ಮೊದಲು ಗಟ್ಟಿಯಾಗಿ ಲೆಕ್ಕ ಹಾಕಿದವರಲ್ಲಿ ಒಬ್ಬರು ಸ್ಕಾಟ್ಲೆಂಡಿನ ಜೇಮ್ಸ್ ಕ್ರೋಲ್. ಗ್ಲಾಸ್ಗೋದ ಒಂದು ಕಾಲೇಜಿನಲ್ಲಿ ಕಟ್ಟಡ ನೋಡಿಕೊಳ್ಳುವ ಕೆಲಸಕ್ಕಿದ್ದವರು. ಅಲ್ಲಿನ ಗ್ರಂಥಾಲಯದಲ್ಲಿ ಓದಿ ಓದಿಯೇ 1860ರ ದಶಕದಲ್ಲಿ ವಿಜ್ಞಾನಿಯಾದರು. ಇಂಥ ಮನುಷ್ಯನ ಕಥೆ ಹಳ್ಳಿಯ ಮಕ್ಕಳಿಗೆ ತಪ್ಪದೆ ಹೇಳಬೇಕು. ಆಮೇಲೆ ಬಂದವರು ಸರ್ಬಿಯಾದ ಮಿಲುಟಿನ್ ಮಿಲಾಂಕೋವಿಚ್. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಬುಡಾಪೆಸ್ಟ್‌ನಲ್ಲಿ ಕಾವಲಿನಲ್ಲಿ ಇದ್ದಾಗಲೂ ಅವರು ಈ ಲೆಕ್ಕ ಬಿಡಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೈಯಲ್ಲೇ ಲಕ್ಷಾಂತರ ವರ್ಷಗಳ ಬಿಸಿಲು ಎಣಿಸಿದರು. ಬಹಳ ಜನ ನಂಬಲಿಲ್ಲ. 1958ರಲ್ಲಿ ಅವರು ತೀರಿಕೊಂಡರು. 1976ರಲ್ಲಿ ಹೇಸ್, ಇಂಬ್ರಿ, ಶ್ಯಾಕಲ್ಟನ್ ಎಂಬ ಮೂವರು ಹಿಂದೂ ಮಹಾಸಾಗರದ ದಕ್ಷಿಣ ಭಾಗದ ತಳದಿಂದ ತೆಗೆದ ಕೆಸರನ್ನು ಪರೀಕ್ಷಿಸಿದರು. ಅದರಲ್ಲಿ ಸುಮಾರು 4.5 ಲಕ್ಷ ವರ್ಷಗಳ ದಾಖಲೆ ಇತ್ತು. ಆ ತಾಳಗಳೇ ಅದರಲ್ಲಿ ಕಂಡವು.

ಒಂದು ಮುಖ್ಯ ಮಾತು ಇಲ್ಲಿ ಬಿಟ್ಟುಹೋಗಬಾರದು. ಬಿಸಿಲಿನ ಹಂಚಿಕೆ ಬದಲಾಗಿದ್ದಷ್ಟರಿಂದಲೇ ಹಿಮಯುಗದ ಪೂರ್ತಿ ಚಳಿ ಬರುವುದಿಲ್ಲ. ಸಮುದ್ರ ತಂಪಾದಂತೆ ಇಂಗಾಲದ ಡೈಆಕ್ಸೈಡನ್ನು ಜಾಸ್ತಿ ಹೀರುತ್ತದೆ, ಬಿಸಿಯಾದಂತೆ ಹೊರಗೆ ಬಿಡುತ್ತದೆ. ಅಂಟಾರ್ಕ್ಟಿಕಾದ ಮಂಜನ್ನು ಕೊರೆದು ತೆಗೆದಾಗ ಅದರ ಗುಳ್ಳೆಗಳಲ್ಲಿ 8 ಲಕ್ಷ ವರ್ಷಗಳ ಹಳೆಯ ಗಾಳಿ ಸಿಕ್ಕಿದೆ. ಹಿಮಯುಗದ ತುದಿಯಲ್ಲಿ ಹತ್ತು ಲಕ್ಷ ಅಣುಗಳಿಗೆ ಸುಮಾರು 180 ಇಂಗಾಲದ ಡೈಆಕ್ಸೈಡ್, ಬೆಚ್ಚಗಿನ ಕಾಲದಲ್ಲಿ ಸುಮಾರು 280. ಆ 8 ಲಕ್ಷ ವರ್ಷಗಳಲ್ಲಿ ಇದು 300ರ ಆಸುಪಾಸು ದಾಟಿದ್ದೇ ಇಲ್ಲ. ಅಂದರೆ ಭೂಮಿಯ ಓಲಾಟ ಮೊದಲ ತಳ್ಳು ಕೊಟ್ಟಿತು, ಇಂಗಾಲ ಅದನ್ನು ದೊಡ್ಡದು ಮಾಡಿತು. ಹಿಮಯುಗದಲ್ಲಿ ಮನುಷ್ಯನ ಕೈ ಇರಲಿಲ್ಲ ಎಂಬುದು ನಿಜ. ಇಂಗಾಲದ ಕೈ ಆಗಲೂ ಇತ್ತು.

ನಮ್ಮ ಭಾಗ ಆಗ ಹೇಗಿತ್ತು? ಸುಮಾರು 21 ಸಾವಿರ ವರ್ಷಗಳ ಹಿಂದೆ ಹಿಮಯುಗ ಅದರ ತುದಿಯಲ್ಲಿತ್ತು. ಅಷ್ಟು ನೀರು ಮಂಜಾಗಿ ಉತ್ತರದ ನೆಲದ ಮೇಲೆ ಕೂತಿದ್ದರಿಂದ ಸಮುದ್ರ ಈಗಿರುವುದಕ್ಕಿಂತ ಸುಮಾರು 120 ಮೀಟರ್ ತಗ್ಗಿನಲ್ಲಿತ್ತು. ಮಂಗಳೂರು, ಕಾರವಾರದ ಕಡಲತೀರ ಹತ್ತಾರು ಕಿಲೋಮೀಟರ್ ಪಡುವಣಕ್ಕಿತ್ತು. ಮುಂಗಾರು ಸೊರಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು ನೀಲಗಿರಿಯ ಜೌಗು ನೆಲದಲ್ಲಿ ಪದರ ಪದರವಾಗಿ ಕೂತ ಕೊಳೆತ ಗಿಡಗಳನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಗಿಡದ ಜಾತಿಯ ಮೇಲೆ ಅದರೊಳಗಿನ ಇಂಗಾಲದ ಬಗೆ ಸ್ವಲ್ಪ ಬೇರೆ ಇರುತ್ತದೆ. ಹಿಮಯುಗದ ತುದಿಯ ಪದರದಲ್ಲಿ ಒಣ ಹವೆಯ ಹುಲ್ಲಿನ ಗುರುತು ಹೆಚ್ಚಿತ್ತು. ಹಿಮಯುಗ ಕಳೆದ ಮೇಲಿನ ಪದರಗಳಲ್ಲಿ ಒಳ್ಳೆಯ ಮಳೆಯ ಗುರುತು ಸಿಕ್ಕಿತು.

ಆ ಹೊತ್ತಿಗೆ, ಅಂದರೆ ಸುಮಾರು 11 ಸಾವಿರ ವರ್ಷಗಳ ಹಿಂದೆ, ಭೂಮಿ ಸೂರ್ಯನಿಗೆ ಹತ್ತಿರ ಬರುತ್ತಿದ್ದುದು ಉತ್ತರದ ಬೇಸಿಗೆಯಲ್ಲಿ. ಏಷ್ಯಾದ ನೆಲ ಜಾಸ್ತಿ ಕಾದು ಮುಂಗಾರಿನ ಗಾಳಿಯನ್ನು ಜೋರಾಗಿ ಎಳೆಯಿತು. ಸಹಾರಾ ಮರುಭೂಮಿಯಲ್ಲಿ ಕೆರೆಗಳಿದ್ದವು, ನೀರಾನೆಗಳಿದ್ದವು, ಮುಂದೆ ದನ ಮೇಯಿಸುವ ಜನರೂ ಬಂದರು. ಆಮೇಲೆ ಸಾವಿರಾರು ವರ್ಷ ಮಳೆ ನಿಧಾನವಾಗಿ ಇಳಿಯುತ್ತಾ ಬಂತು.

ಎರಡು ಪ್ರಶ್ನೆ ಇಲ್ಲೂ ಹಾಕಿ. ಹಿಮಯುಗದಿಂದ ಹೊರಬರುವಾಗ ಭೂಮಿಯ ಸರಾಸರಿ ಬಿಸಿ 5ರಿಂದ 6 ಡಿಗ್ರಿ ಏರಿತು, ಅದಕ್ಕೆ ಹಿಡಿದದ್ದು ಸುಮಾರು 10 ಸಾವಿರ ವರ್ಷ. ಸಾವಿರ ವರ್ಷಕ್ಕೆ ಅರ್ಧ ಡಿಗ್ರಿ ಎಂದುಕೊಳ್ಳಿ. ಈಗ 150 ವರ್ಷಗಳಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ಏರಿದೆ. ಅದರಲ್ಲಿ ಬಹುಪಾಲು 1970ರ ದಶಕದಿಂದ ಈಚೆಗೆ. ದಿಕ್ಕು? ಭೂಮಿಯ ಓರೆ ಕಡಿಮೆಯಾಗುತ್ತಿದೆ, ಉತ್ತರದ ಬೇಸಿಗೆಯಲ್ಲಿ ಸೂರ್ಯ ದೂರ. ಎರಡೂ ಸೇರಿ ಭೂಮಿಯನ್ನು ತೀರ ಮೆಲ್ಲಗೆ ತಂಪಿನ ಕಡೆ ತಳ್ಳಬೇಕಿತ್ತು. ಆಗುತ್ತಿರುವುದು ಅದರ ತದ್ವಿರುದ್ಧ.

ಹಾಗೆಂದು ಸಹಜ ಬದಲಾವಣೆ ಯಾವಾಗಲೂ ನಿಧಾನ ಎಂದು ಮಕ್ಕಳಿಗೆ ಹೇಳಬೇಡಿ. ಅದು ತಪ್ಪಾಗುತ್ತದೆ. ಗ್ರೀನ್‌ಲ್ಯಾಂಡಿನ ಮಂಜಿನಲ್ಲಿ ಕೆಲವೇ ದಶಕಗಳಲ್ಲಿ 10 ಡಿಗ್ರಿಯಷ್ಟು ಜಿಗಿದ ಗುರುತುಗಳಿವೆ. ಅಟ್ಲಾಂಟಿಕ್ ಸಾಗರದ ಪ್ರವಾಹ ಬಿಸಿನೀರನ್ನು ಉತ್ತರಕ್ಕೆ ಒಯ್ಯುತ್ತದೆ. ಕರಗಿದ ಮಂಜಿನ ಸಿಹಿನೀರು ಒಮ್ಮೆಲೇ ಸೇರಿದರೆ ಆ ಪ್ರವಾಹ ಸೊರಗುತ್ತದೆ, ಮತ್ತೆ ಚೇತರಿಸಿಕೊಂಡಾಗ ಉತ್ತರ ಥಟ್ಟನೆ ಬೆಚ್ಚಗಾಗುತ್ತದೆ. ಆದರೆ ಇದು ಮುಖ್ಯವಾಗಿ ಇರುವ ಬಿಸಿ ಜಾಗ ಬದಲಿಸುವ ಆಟ. ಉತ್ತರ ತಂಪಾದಾಗ ದಕ್ಷಿಣ ಬೆಚ್ಚಗಾಗುತ್ತಿತ್ತು. ಈಗ ಭೂಮಿಯ ಎರಡೂ ಅರ್ಧಗಳು, ನೆಲ, ಸಮುದ್ರ ಎಲ್ಲ ಒಟ್ಟಿಗೆ ಬಿಸಿಯಾಗುತ್ತಿವೆ.

ಇಂಥ ಒಂದು ಥಟ್ಟನೆಯ ಬದಲಾವಣೆಗೆ ನಮ್ಮ ದೇಶದ ಒಂದು ರಾಜ್ಯದ ಹೆಸರೇ ಇದೆ. ಮೇಘಾಲಯದ ಮಾಮ್ಲು ಗುಹೆಯಲ್ಲಿ ಹನಿ ಹನಿ ನೀರಿನಿಂದ ಬೆಳೆದ ಸುಣ್ಣದ ಕಂಬವೊಂದು ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಸೊರಗಿದ್ದನ್ನು ದಾಖಲಿಸಿದೆ. ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ 2018ರಲ್ಲಿ ಅಂದಿನಿಂದ ಇಂದಿನವರೆಗಿನ ಕಾಲಕ್ಕೆ 'ಮೇಘಾಲಯನ್' ಎಂದು ಹೆಸರಿಟ್ಟಿತು. ಹರಪ್ಪಾ ಜನ ದೊಡ್ಡ ಪಟ್ಟಣಗಳನ್ನು ಬಿಟ್ಟು ಚದುರಿದ್ದಕ್ಕೂ ಈ ಒಣ ಕಾಲಕ್ಕೂ ಸಂಬಂಧ ಇದೆ ಎಂದು ಹಲವರು ವಾದಿಸುತ್ತಾರೆ.

ಸೂರ್ಯನ ವಿಷಯ ಬೇಗ ಮುಗಿಸಬಹುದು. 11 ವರ್ಷಗಳ ಸುತ್ತಿನಲ್ಲಿ ಸೂರ್ಯನ ಕಲೆಗಳು ಹೆಚ್ಚುತ್ತವೆ, ಕಡಿಮೆಯಾಗುತ್ತವೆ. ಆದರೆ ಬೆಳಕಿನಲ್ಲಿ ಆಗುವ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು. ಅದರಿಂದ ಭೂಮಿಯ ಸರಾಸರಿ ಬಿಸಿ ಬದಲಾಗುವುದು ಸುಮಾರು 0.1 ಡಿಗ್ರಿ. 1645ರಿಂದ 1715ರವರೆಗೆ ಸೂರ್ಯನಲ್ಲಿ ಕಲೆಗಳೇ ಅಪರೂಪವಾಗಿದ್ದವು. ಯುರೋಪಿನ ಆಗಿನ ಕಡುಚಳಿಗೆ ಅದೂ ಒಂದಿಷ್ಟು ಕಾರಣ, ಜ್ವಾಲಾಮುಖಿಗಳೂ ಕಾರಣ. ಸೂರ್ಯನ ಮೇಲೆ ಕಣ್ಣಿಡುವುದರಲ್ಲಿ ನಮ್ಮವರ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದ ಸೂರ್ಯನ ಚಿತ್ರಗಳಿವೆ. 1978ರಿಂದ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ನೇರವಾಗಿ ಅಳೆಯುತ್ತಿವೆ. 1980ರ ದಶಕದಿಂದ ಈಚೆಗೆ ಅದು ಏರಿಲ್ಲ, ಕೊಂಚ ಇಳಿದಿದೆ. ಭೂಮಿ ಅತಿ ವೇಗವಾಗಿ ಬಿಸಿಯಾದದ್ದು ಇದೇ ಅವಧಿಯಲ್ಲಿ.

ಒಂದೆರಡು ವರ್ಷದ ಲೆಕ್ಕದಲ್ಲಿ ಜ್ವಾಲಾಮುಖಿ ಜೋರು. ಫಿಲಿಪ್ಪೀನ್ಸ್‌ನ ಪಿನಾಟುಬೊ 1991ರ ಜೂನ್ 15ರಂದು ಸಿಡಿದಾಗ 1.5ರಿಂದ 2 ಕೋಟಿ ಟನ್ ಗಂಧಕದ ಡೈಆಕ್ಸೈಡ್ ಮೋಡಗಳಿಗಿಂತ ಮೇಲಿನ ಪದರಕ್ಕೆ ಹೋಯಿತು. ಮೋಡದ ಮಟ್ಟದಲ್ಲೇ ಉಳಿದಿದ್ದರೆ ಮಳೆ ಕೆಲವೇ ವಾರಗಳಲ್ಲಿ ತೊಳೆದುಬಿಡುತ್ತಿತ್ತು. ಮೇಲಿನ ಪದರದಲ್ಲಿ ಮಳೆ ಇಲ್ಲ. ಅಲ್ಲಿ ಅದು ಸಣ್ಣ ಸಣ್ಣ ಹನಿಗಳಾಗಿ ಒಂದೆರಡು ವರ್ಷ ತೇಲುತ್ತಾ ಬಿಸಿಲನ್ನು ತಡೆಯಿತು. ಭೂಮಿ ಸುಮಾರು 0.5 ಡಿಗ್ರಿ ತಂಪಾಯಿತು. ಅಮೆರಿಕದ ನಾಸಾದಲ್ಲಿದ್ದ ಜೇಮ್ಸ್ ಹ್ಯಾನ್ಸನ್ ತಂಡ ಹೀಗೇ ಆಗುತ್ತದೆ ಎಂದು 1992ರ ಆರಂಭದಲ್ಲೇ ಲೆಕ್ಕ ಹಾಕಿ ಹೇಳಿತ್ತು. ಹವಾಮಾನದ ಕಂಪ್ಯೂಟರ್ ಲೆಕ್ಕಗಳನ್ನು ನಂಬಬಹುದೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೊಡುವ ಉದಾಹರಣೆ ಇದು. ಇಂಡೋನೇಷ್ಯಾದ ತಂಬೋರಾ 1815ರ ಏಪ್ರಿಲ್‌ನಲ್ಲಿ ಇದಕ್ಕಿಂತ ಬಹಳ ಜೋರಾಗಿ ಸಿಡಿದಿತ್ತು. 1816ರ ಜೂನ್‌ನಲ್ಲಿ ಅಮೆರಿಕದ ಈಶಾನ್ಯ ಭಾಗದಲ್ಲಿ ಹಿಮ ಬಿತ್ತು, ಯುರೋಪಿನಲ್ಲಿ ಬೆಳೆ ಹೋಗಿ ಜನ ಹಸಿದರು. ಆದರೆ ಎಂಥ ಸಿಡಿತವಾದರೂ ಅದರ ತಂಪು ಕೆಲವು ವರ್ಷಗಳಲ್ಲಿ ಇಳಿಯುತ್ತದೆ.

ಇನ್ನು ನಿಮ್ಮ ಊರಿನ ರೈತರಿಗೆ ಎಲ್ಲಕ್ಕಿಂತ ಹತ್ತಿರದ ಕಾರಣ, ಸಮುದ್ರ. ಪೆಸಿಫಿಕ್ ಸಾಗರದ ಮೇಲೆ ಗಾಳಿ ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಬಿಸಿನೀರನ್ನು ಇಂಡೋನೇಷ್ಯಾದ ಕಡೆ ಗುಡ್ಡೆ ಹಾಕುತ್ತದೆ. ಅಲ್ಲಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಎರಡರಿಂದ ಏಳು ವರ್ಷಗಳಿಗೊಮ್ಮೆ ಈ ಗಾಳಿ ಸೊರಗುತ್ತದೆ. ಬಿಸಿನೀರು ಪೂರ್ವಕ್ಕೆ, ದಕ್ಷಿಣ ಅಮೆರಿಕದ ಪೆರು ಕಡೆಗೆ ಸರಿಯುತ್ತದೆ. ಮೋಡ ಕಟ್ಟುವ ಜಾಗವೂ ಅದರ ಜೊತೆ ಸರಿಯುತ್ತದೆ, ನಮ್ಮ ಕಡೆ ಗಾಳಿ ಮೇಲಿನಿಂದ ಕೆಳಗಿಳಿದು ಮಳೆಯನ್ನು ಅದುಮುತ್ತದೆ. ಇದು ಎಲ್ ನಿನೊ. ಇದರ ಉಲ್ಟಾ ಲಾ ನಿನಾ.

ಊರಿನ ಹಿರಿಯರು "ಬರ ಮೊದಲೂ ಇತ್ತು" ಅನ್ನುತ್ತಾರಲ್ಲ, ಅದು ಪೂರ್ತಿ ನಿಜ. 1791-92ರಲ್ಲಿ ದಖ್ಖನ್ ಸೀಮೆಯ ಜನರನ್ನು ಗುಂಪುಗುಂಪಾಗಿ ಬಲಿ ತೆಗೆದುಕೊಂಡ ತಲೆಬುರುಡೆ ಬರ ಒಂದು ದೊಡ್ಡ ಎಲ್ ನಿನೊ ಕಾಲದ್ದು. 1876-78ರ ಬರಕ್ಕೆ ಮೈಸೂರು ಸೀಮೆಯಲ್ಲಿ ಧಾತು-ಈಶ್ವರ ಸಂವತ್ಸರಗಳ ಹೆಸರೇ ನಿಂತಿದೆ. 1876ರಲ್ಲಿ ಮಳೆ ಕೈಕೊಟ್ಟಿತ್ತು, ಅದರ ಮೇಲೆ 1877ರಲ್ಲಿ ಬಹಳ ಜೋರಿನ ಎಲ್ ನಿನೊ ಎದ್ದಿತು. ಮೈಸೂರು ಸಂಸ್ಥಾನದಲ್ಲಿ ಐದರಲ್ಲಿ ಒಂದು ಪಾಲು ಜನ ಸತ್ತರು. ಆಗ ಕಲಾದಗಿ ಜಿಲ್ಲೆಯಲ್ಲಿದ್ದ ನಿಮ್ಮ ಭಾಗ ಮುಂಬಯಿ ಪ್ರಾಂತದಲ್ಲಿ ಅತಿ ಹೆಚ್ಚು ನರಳಿದ್ದರಲ್ಲಿ ಒಂದು. ಮಳೆ ನಿಂತದ್ದು ಸಮುದ್ರದಿಂದ. ಅಷ್ಟು ಜನ ಸತ್ತದ್ದಕ್ಕೆ ಮಾತ್ರ ಆಳುವವರೂ ಹೊಣೆ. ಜನ ಹಸಿದಿದ್ದಾಗಲೂ ಕಾಳು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು.

ಇಂಥ ಬರಗಳ ಮುನ್ಸೂಚನೆ ಸಿಗುತ್ತದೆಯೇ ಎಂದು ಹುಡುಕಲು 1904ರಲ್ಲಿ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಪೆಸಿಫಿಕ್‌ನಲ್ಲಿ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವುದನ್ನು ಅವರು ಅಂಕಿಗಳಲ್ಲೇ ಗುರುತಿಸಿದರು. ಆದರೂ ಪೆಸಿಫಿಕ್ ಒಂದರಿಂದಲೇ ನಮ್ಮ ಮಳೆ ಹೇಳಲಾಗದು. 1997ರ ಎಲ್ ನಿನೊ ಆ ಶತಮಾನದಲ್ಲೇ ಅತಿ ಜೋರಿನವುಗಳಲ್ಲಿ ಒಂದು. ಎಲ್ಲರೂ ಬರಕ್ಕೆ ಹೆದರಿದ್ದರು. ದೇಶದ ಮಳೆ ಸರಾಸರಿಗಿಂತ ಸ್ವಲ್ಪ ಜಾಸ್ತಿಯೇ ಆಯಿತು! ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗೆ, ಸುಮಾತ್ರಾ ಕಡೆಯ ಭಾಗ ತಂಪಗೆ ಆಗಿ ಅದು ನಮ್ಮನ್ನು ಕಾಪಾಡಿತ್ತು. 1999ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾತ ಎಂಬ ನಾಲ್ವರು ಇದನ್ನು ವಿವರಿಸಿ 'ಇಂಡಿಯನ್ ಓಷನ್ ಡೈಪೋಲ್' ಎಂದು ಕರೆದರು. ಅವರಲ್ಲಿ ಗೋಸ್ವಾಮಿ, ವಿನಯಚಂದ್ರನ್ ಇಬ್ಬರೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ದುಡಿದವರು. 2023ರಲ್ಲಿ ಎಲ್ ನಿನೊ ಎದ್ದಾಗ ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು.

ಮುಂದಿನ ಹಂಗಾಮಿಗೆ ಏನು ಬಿತ್ತಬೇಕು ಎನ್ನುವ ರೈತ ನೋಡಬೇಕಾದದ್ದು ಈ ಸಮುದ್ರಗಳನ್ನೇ. ಭೂಮಿಯ ಸರಾಸರಿ ಬಿಸಿಯನ್ನು ಮಾತ್ರ ಎಲ್ ನಿನೊ 0.1ರಿಂದ 0.2 ಡಿಗ್ರಿ ಏರಿಸಿ ಮತ್ತೆ ಇಳಿಸುತ್ತದೆ. ಹುಡುಗರಿಗೆ ಒಂದು ಹೋಲಿಕೆ ತೋರಿಸಿ. 1998 ಎಲ್ ನಿನೊ ಬಿಸಿಯ ವರ್ಷ, ಆಗ ಅದೇ ದಾಖಲೆ. 2021, 2022 ಲಾ ನಿನಾ ವರ್ಷಗಳು, ತಂಪಾಗಿರಬೇಕಿದ್ದವು. ಅವೆರಡೂ 1998ಕ್ಕಿಂತ ಬಿಸಿ. ಅಲೆ ಏರುತ್ತದೆ, ಇಳಿಯುತ್ತದೆ. ಕೆಳಗಿನ ನೀರೇ ಏರಿದೆ.

ಹಾಗಾದರೆ ಮನುಷ್ಯನೇ ಕಾರಣ ಎಂಬುದಕ್ಕೆ ನೇರ ಸಾಕ್ಷಿ ಏನು? ಉಳಿದವರೆಲ್ಲ ತಪ್ಪಿಸಿಕೊಂಡರು ಎಂದು ಇವನನ್ನು ಹಿಡಿದದ್ದಲ್ಲ. ಸೂರ್ಯನಿಂದ ಬಿಸಿಯಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ನೆಲದ ಹತ್ತಿರ ಬಿಸಿ ಏರುತ್ತಿದೆ, ಮೇಲಿನ ಪದರ ತಂಪಾಗುತ್ತಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಆಗುವುದು ಹೀಗೆಯೇ. ಆ ಇಂಗಾಲ ಎಲ್ಲಿಂದ ಬಂತು ಎಂಬುದಕ್ಕೂ ಗುರುತಿದೆ. ಅದು ಹೆಚ್ಚಿದ ಹಾಗೆ ಗಾಳಿಯ ಆಮ್ಲಜನಕ ಚೂರು ಚೂರು ಕಡಿಮೆಯಾಗುತ್ತಿದೆ. ಏನನ್ನಾದರೂ ಸುಟ್ಟರೆ ಹೀಗಾಗುತ್ತದೆ. ಜ್ವಾಲಾಮುಖಿಯಿಂದಲೋ ಸಮುದ್ರದಿಂದಲೋ ಬಂದಿದ್ದರೆ ಆಮ್ಲಜನಕ ಹೀಗೆ ಖರ್ಚಾಗುತ್ತಿರಲಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಕೈಗಾರಿಕೆಗೆ ಮೊದಲು ಹತ್ತು ಲಕ್ಷ ಅಣುಗಳಿಗೆ 280 ಇದ್ದದ್ದು, ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಶುರುವಾದ 1958ರಲ್ಲಿ 315 ಆಗಿತ್ತು. 2024ರಲ್ಲಿ ಸುಮಾರು 424. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಎಲ್ಲ ಲೆಕ್ಕಗಳನ್ನೂ ಕೂಡಿಸಿತು. 19ನೇ ಶತಮಾನದ ಕೊನೆಯ ಭಾಗಕ್ಕೆ ಹೋಲಿಸಿದರೆ 2010-19ರ ಹೊತ್ತಿಗೆ ಮನುಷ್ಯನಿಂದ ಆದ ಬಿಸಿ ಸುಮಾರು 1.07 ಡಿಗ್ರಿ. ಸೂರ್ಯ ಮತ್ತು ಜ್ವಾಲಾಮುಖಿಗಳ ಪಾಲು 0.1 ಡಿಗ್ರಿ ಆಚೆಗೋ ಈಚೆಗೋ, ಅಂದರೆ ಸೊನ್ನೆಯ ಆಸುಪಾಸು.

ಕೊನೆಯ ಪ್ರಶ್ನೆ, ಹಿಮಯುಗ ಬಂದು ಕಾಪಾಡುತ್ತದೆಯೇ? ಸದ್ಯಕ್ಕೆ ಬರುವುದಿಲ್ಲ. ಭೂಮಿಯ ದಾರಿ ಈಗ ಬಹುತೇಕ ದುಂಡಗಿದೆ. ಆದ್ದರಿಂದ ಉತ್ತರದ ಬೇಸಿಗೆ ತೀರ ತಂಪಾಗುವ ಕಾಲ ಹತ್ತಿರದಲ್ಲಿಲ್ಲ. ಮನುಷ್ಯ ಇಂಗಾಲ ಬಿಡದೆ ಇದ್ದಿದ್ದರೂ ಮುಂದಿನ ಹಿಮಯುಗಕ್ಕೆ ಸುಮಾರು 50 ಸಾವಿರ ವರ್ಷ ಇತ್ತು ಎಂದು 2016ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳುತ್ತದೆ. ಈಗ ಅದು ಇನ್ನೂ ದೂರ ಹೋಗಿದೆ.

ಬಿಸಿ ತಾನೇ ಇಳಿಯುತ್ತದೆಯೇ ಎಂದರೆ, ಇಳಿಯುತ್ತದೆ. ನಾವು ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧದಷ್ಟನ್ನು ಸಮುದ್ರ ಮತ್ತು ಗಿಡಮರಗಳು ಈಗಲೂ ಹೀರುತ್ತಿವೆ. ಉಳಿದದ್ದರಲ್ಲಿ ಒಂದು ಪಾಲು ಸಾವಿರಾರು ವರ್ಷ ಗಾಳಿಯಲ್ಲೇ ಇರುತ್ತದೆ. ಕಟ್ಟಕಡೆಯ ಪಾಲನ್ನು ತೆಗೆಯಬೇಕಾದದ್ದು ಮಳೆ ನೀರು ಮತ್ತು ಕರಿಕಲ್ಲು. ಅವುಗಳ ವೇಗ ಎಷ್ಟು ಎಂಬುದಕ್ಕೆ ಹಳೆಯ ದಾಖಲೆ ಇದೆ. ಸುಮಾರು 5.6 ಕೋಟಿ ವರ್ಷಗಳ ಹಿಂದೆ ಅಪಾರ ಇಂಗಾಲ ಗಾಳಿಗೆ ಸೇರಿ ಭೂಮಿ 5-6 ಡಿಗ್ರಿ ಬಿಸಿಯಾಗಿತ್ತು. ಆಗಲೂ ಅದು ತಾನಾಗಿಯೇ ಇಳಿಯಿತು. ಪೂರ್ತಿ ಇಳಿಯಲು ಒಂದು ಲಕ್ಷ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.